ಎಲ್ಲರ ಕೂದಲೂ ಒಂದೇ ಉದ್ದಕ್ಕೆ ಬಂದು ನಿಲ್ಲುವುದು ಹೇಗೆ?

ಹೋದ ವರ್ಷ ಜೊತೆಗೆ ಕೆಲಸ ಮಾಡುವ ಗೆಳತಿಯರೆಲ್ಲ ಸೇರಿ ಒಂದು ದಿನ ಹೊರಗೆ ಹೋಗಿದ್ದೆವು. ಯಾರೋ ಹಿಂದಿನಿಂದ ಒಂದು ಫೋಟೊ ತೆಗೆದರು. ಹನ್ನೊಂದು ಜನ ಹೆಂಗಸರು ಸಾಲಾಗಿ ನಡೆದು ಹೋಗುತ್ತಿರುವ ಫೋಟೊ. ಯಾರು ಯಾರು ಎಂದು ಗುರುತಿಸಲು ಕೂತರೆ, ಇಬ್ಬರನ್ನು ಬಿಟ್ಟು ಉಳಿದವರ ಬಗ್ಗೆ ನನಗೆ ಖಾತ್ರಿಯೇ ಆಗಲಿಲ್ಲ. ಒಂಬತ್ತು ಜನರ ಕೂದಲೂ ಭುಜದಿಂದ ಒಂದು ಗೇಣು ಕೆಳಗೆ ಬಂದು ನಿಂತಿತ್ತು. ಒಂಬತ್ತೂ ನೇರ, ತುದಿಯಲ್ಲಿ ಸ್ವಲ್ಪ ಒಳಕ್ಕೆ ತಿರುಗಿತ್ತು. ಆ ಒಂಬತ್ತರಲ್ಲಿ ನಾನೂ ಒಬ್ಬಳು. ಅವರಲ್ಲಿ ಮೂವರದು ಹುಟ್ಟಿನಿಂದ ಗುಂಗುರು ಕೂದಲು ಎಂದು ನನಗೆ ಚೆನ್ನಾಗಿ ಗೊತ್ತು.

ಹೀಗೆ ಕತ್ತರಿಸಿಕೊಳ್ಳಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಿಯಮ ಇಲ್ಲ, ಯೂನಿಫಾರ್ಮ್ ಇಲ್ಲ. ಕೇಳಿದರೆ ಒಬ್ಬೊಬ್ಬರೂ "ನನಗಿಷ್ಟ ಅಂತ ಮಾಡಿಸಿಕೊಂಡೆ" ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಒಂಬತ್ತು ಜನ ತಮ್ಮಿಷ್ಟದಂತೆ ಮಾಡಿಕೊಂಡೂ ಒಂದೇ ಜಾಗಕ್ಕೆ ಬಂದು ನಿಂತದ್ದು ಹೇಗೆ?

ಹೆಂಗಸರಿಗೆ ಸ್ವಂತ ಬುದ್ಧಿ ಇಲ್ಲ, ಕುರಿಗಳ ಹಾಗೆ ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ ಎಂಬ ಮಾತನ್ನು ಬಹಳ ಸಲ ಕೇಳಿದ್ದೇನೆ. ಅದು ತಪ್ಪು, ಅನ್ಯಾಯದ ಮಾತು ಕೂಡ. ಕಂಪನಿಗಳೆಲ್ಲ ಸೇರಿ ನಮ್ಮನ್ನು ಕುಣಿಸುತ್ತಿವೆ ಎನ್ನುವುದೂ ಪೂರ್ತಿ ಸರಿಯಲ್ಲ. ಆಗುವುದು ಏನೆಂದರೆ, ನಾಲ್ಕೈದು ಸಣ್ಣ ಸಣ್ಣ ಎಳೆತಗಳು ಒಂದೇ ದಿಕ್ಕಿಗೆ ಎಳೆಯುತ್ತವೆ. ಒಂದೊಂದೂ ತನ್ನಷ್ಟಕ್ಕೆ ಸಣ್ಣದು, ಒಂದೊಂದಕ್ಕೂ ಒಪ್ಪುವಂಥ ಕಾರಣ ಇರುತ್ತದೆ. ಎಲ್ಲ ಸೇರಿದಾಗ ಅವುಗಳ ಬಲ ತಿಳಿಯುತ್ತದೆ.

ಮೊದಲು ಕೂದಲಿನ ಲೆಕ್ಕ ನೋಡೋಣ, ಯಾಕೆಂದರೆ ಅದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ. ತಲೆಯ ಮೇಲೆ ಸುಮಾರು 1 ಲಕ್ಷ ಕೂದಲು ಇರುತ್ತದೆ. ಅದು ತಿಂಗಳಿಗೆ ಹೆಚ್ಚೂಕಡಿಮೆ 1.25 ಸೆಂಟಿಮೀಟರ್ ಬೆಳೆಯುತ್ತದೆ, ವರ್ಷಕ್ಕೆ 15 ಸೆಂಟಿಮೀಟರ್. ಆದರೆ ಪ್ರತಿ ಎಳೆಗೂ ಒಂದು ಆಯುಸ್ಸಿದೆ. ಎರಡು ವರ್ಷದಿಂದ ಆರೇಳು ವರ್ಷದವರೆಗೆ ಬೆಳೆಯುತ್ತದೆ, ಆಮೇಲೆ ಎರಡು ಮೂರು ವಾರದಲ್ಲಿ ಬೆಳೆಯುವುದನ್ನು ನಿಲ್ಲಿಸುತ್ತದೆ, ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ದಿನಕ್ಕೆ 50ರಿಂದ 100 ಎಳೆ ಉದುರುವುದು ಸಹಜ. ಬೆಳೆಯುವ ಕಾಲ ಯಾರಿಗೆ ಎಷ್ಟು ಎಂಬುದು ಬಹುಪಾಲು ಹುಟ್ಟಿನಿಂದ ಬಂದದ್ದು. ಸುಮ್ನೆ ತಲೆಯಲ್ಲೇ ಗುಣಿಸಿ ನೋಡಿ. ಬೆಳೆಯುವ ಕಾಲ ಎರಡು ವರ್ಷ ಇದ್ದವಳ ಕೂದಲು 30 ಸೆಂಟಿಮೀಟರ್ ದಾಟುವುದೇ ಕಷ್ಟ, ಆರು ವರ್ಷ ಇದ್ದವಳದು 90 ಸೆಂಟಿಮೀಟರ್ ಆಗಬಹುದು. ಇಬ್ಬರೂ ಅಷ್ಟೇ ಆರೈಕೆ ಮಾಡಿದರೂ ಅಷ್ಟೇ. ಹೆರಿಗೆಯಾದ ಎರಡು ಮೂರು ತಿಂಗಳ ಮೇಲೆ, ಅಥವಾ ಜೋರು ಜ್ವರ ಬಂದು ಹೋದ ಮೇಲೆ ಹಿಡಿ ಹಿಡಿ ಕೂದಲು ಉದುರುವುದೂ ಇದೇ ಚಕ್ರದಿಂದ. ಒಂದೇ ಸಲಕ್ಕೆ ತುಂಬಾ ಎಳೆಗಳು ಬೆಳೆಯುವುದನ್ನು ನಿಲ್ಲಿಸಿಬಿಟ್ಟಿರುತ್ತವೆ.

ತುದಿ ಸವರಿದರೆ ಕೂದಲು ಬೇಗ ಬೆಳೆಯುತ್ತದೆ ಎಂಬ ಮಾತು ನಿಜವಲ್ಲ. ಬೆಳೆಯುವುದು ಬುಡದಲ್ಲಿ, ಚರ್ಮದ ಒಳಗೆ. ಹೊರಗೆ ಕಾಣುವುದಕ್ಕೆ ಜೀವವೇ ಇಲ್ಲ. ಸೀಳಿದ ತುದಿ ಹೋದರೆ ಮುರಿಯುವುದು ಕಡಿಮೆಯಾಗುತ್ತದೆ, ಅಷ್ಟೇ ಲಾಭ. 60 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ನಾಲ್ಕು ವರ್ಷ ವಯಸ್ಸು. ನಾಲ್ಕು ವರ್ಷದ ಬಿಸಿಲು, ಬಾಚಣಿಗೆ, ಸ್ಟ್ರೈಟ್ನರ್ ಕಾವು, ಎಲ್ಲವನ್ನೂ ಅದು ತಿಂದಿರುತ್ತದೆ. ಇನ್ನು ಗುಂಗುರು ಕೂದಲಿನದು ಬೇರೆಯೇ ಕಥೆ. ಎಳೆದು ಹಿಡಿದರೆ ಬೆನ್ನಿನ ನಡುವಿಗೆ ಬರುತ್ತದೆ, ಬಿಟ್ಟರೆ ಭುಜಕ್ಕೆ ಜಿಗಿಯುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಆ ಫೋಟೊದಲ್ಲಿದ್ದ ಒಂಬತ್ತು ತಲೆಗಳು ಒಂದೇ ಥರ ಕಾಣಲು ಒಂಬತ್ತು ಬೇರೆ ಬೇರೆ ಬೆಲೆ ತೆತ್ತಿವೆ. ನನ್ನದು ಹುಟ್ಟಾ ನೇರ ಕೂದಲು. ನನಗೆ ಅದು ಎರಡು ತಿಂಗಳಿಗೊಮ್ಮೆ ಒಂದು ಕತ್ತರಿ ಮಾತ್ರ. ಗುಂಗುರು ಕೂದಲಿನ ಗೆಳತಿಗೆ ಅದು ಬೆಳಿಗ್ಗೆ 40 ನಿಮಿಷ, ವರ್ಷಕ್ಕೊಮ್ಮೆ ಕೆಮಿಕಲ್, ಮಳೆ ಬಂದರೆ ಗಾಬರಿ. ಇನ್ನೊಬ್ಬಳದು ಅಷ್ಟುದ್ದ ಬೆಳೆಯುವುದೇ ಇಲ್ಲ, ಅವಳು ಎಕ್ಸ್‌ಟೆನ್ಷನ್, ಅಂದರೆ ಜೋಡಿಸುವ ಬೇರೆ ಕೂದಲು, ಹಾಕಿಸುತ್ತಾಳೆ. ಎಲ್ಲರೂ ಒಂದೇ ಥರ ಇದ್ದೇವೆ ಎಂದು ಕಾಣುತ್ತದೆ, ಆದರೆ ಹೊರೆ ಸಮನಾಗಿಲ್ಲ. ನನಗೆ ತುಂಬಾ ನೋವಾಗುವುದು ಇದೇ ವಿಷಯಕ್ಕೆ.

ಇನ್ನೊಂದು ಸಂಗತಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಬಟ್ಟೆಯ ಫ್ಯಾಷನ್ ಬದಲಾದರೆ ನಾಳೆಯೇ ಬೇರೆ ಬಟ್ಟೆ ಹಾಕಬಹುದು. ಕೂದಲು ಹಾಗಲ್ಲ. ಗಿಡ್ಡ ಮಾಡಲು ಹತ್ತು ನಿಮಿಷ ಸಾಕು, ಭುಜದಿಂದ ಸೊಂಟಕ್ಕೆ ಇಳಿಸಲು ಎರಡರಿಂದ ಮೂರು ವರ್ಷ ಬೇಕು. ಹಾಗಾಗಿ ಗಿಡ್ಡ ಕೂದಲಿನ ಅಲೆ ಬಂದರೆ ಒಮ್ಮೆಲೇ ಬರುತ್ತದೆ, ಉದ್ದ ಕೂದಲಿನದು ತೆವಳುತ್ತಾ ಬರುತ್ತದೆ. ಕತ್ತರಿಸಿ ಆಮೇಲೆ ಪಶ್ಚಾತ್ತಾಪ ಪಟ್ಟರೆ ವರ್ಷಗಟ್ಟಲೆ ಕಾಯಬೇಕು ಎಂಬ ಭಯ ಇರುವುದರಿಂದ ಹೆಚ್ಚಿನವರು ಮಧ್ಯದ ಉದ್ದವನ್ನೇ ಆರಿಸುತ್ತಾರೆ. ಕಟ್ಟಲೂ ಬರುತ್ತದೆ, ಬಿಡಲೂ ಬರುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಭುಜದಿಂದ ಒಂದು ಗೇಣು ಕೆಳಗೆ ಎಂಬುದು ಆ ಭಯ ನಮ್ಮನ್ನು ತಂದು ನಿಲ್ಲಿಸಿದ ಜಾಗ.

ಹಿಂದಿನ ಕಾಲದಲ್ಲಿ ಈ ಒತ್ತಡ ಬಾಯಿಬಿಟ್ಟೇ ಮಾತಾಡುತ್ತಿತ್ತು. 1872ರಲ್ಲಿ ಟೋಕಿಯೊ ಆಡಳಿತ ಹೆಂಗಸರು ಕೂದಲನ್ನು ಗಿಡ್ಡ ಕತ್ತರಿಸಬಾರದು ಎಂದು ಆದೇಶವನ್ನೇ ಹೊರಡಿಸಿತು. ಅದೇ ಹೊತ್ತಿಗೆ ಗಂಡಸರು ಹಳೆಯ ಜುಟ್ಟು ತೆಗೆದು ಹೊಸ ಕಾಲದ ಕಟ್ ಮಾಡಿಸಿಕೊಳ್ಳಲಿ ಎಂದು ಸರಕಾರವೇ ಹುರಿದುಂಬಿಸುತ್ತಿತ್ತು. ಯುರೋಪ್, ಅಮೆರಿಕದಲ್ಲಿ ಆದೇಶ ಬೇಕಿರಲಿಲ್ಲ, ಉದ್ದ ಕೂದಲು ಹೆಣ್ಣಿನ ಗುರುತು ಎಂಬುದನ್ನು ಎಲ್ಲರೂ ಒಪ್ಪಿದ್ದರು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸದರ್‌ಲ್ಯಾಂಡ್ ಮನೆತನದ ಏಳು ಅಕ್ಕತಂಗಿಯರು ನೆಲ ಮುಟ್ಟುವಂಥ ಕೂದಲು ತೋರಿಸುತ್ತಾ ಊರೂರು ತಿರುಗಿ, ಕೂದಲು ಬೆಳೆಸುವ ಔಷಧ ಮಾರಿ ಶ್ರೀಮಂತರಾದರು. ಜನ ಕೊಂಡದ್ದು ಔಷಧಕ್ಕಿಂತ ಜಾಸ್ತಿ ಆ ಉದ್ದದ ಆಸೆಯನ್ನು.

ಆಮೇಲೆ ಬಂದದ್ದು ಬಾಬ್ ಕಟ್. ಐರೀನ್ ಕಾಸಲ್ ಎಂಬ ಪ್ರಸಿದ್ಧ ನರ್ತಕಿ 1914ರ ಸುಮಾರಿಗೆ ಆಪರೇಷನ್‌ಗೆ ಮುಂಚೆ ಅನುಕೂಲಕ್ಕೆಂದು ಕೂದಲು ಗಿಡ್ಡ ಮಾಡಿಸಿದಳು. ನೋಡಿದವರಿಗೆ ಹಿಡಿಸಿತು. ಮೊದಲ ಮಹಾಯುದ್ಧದಲ್ಲಿ ಫ್ಯಾಕ್ಟರಿಗೆ ಹೋದ ಹೆಂಗಸರಿಗೂ ಗಿಡ್ಡ ಕೂದಲು ಅನುಕೂಲವಾಗಿತ್ತು. 1920ರ ದಶಕದ ಮೊದಲಲ್ಲಿ ಬಾಬ್ ಮಾಡಿಸಿದವರನ್ನು ಕೆಲಸದಿಂದ ತೆಗೆದ ಅಂಗಡಿಗಳಿದ್ದವು. ಎಷ್ಟೋ ಕಡೆ ಹೆಂಗಸರ ಕೂದಲು ಕಟ್ಟುವವರು ಇದನ್ನು ಕತ್ತರಿಸಲು ಒಪ್ಪದೆ, ಗಂಡಸರ ಸಲೂನ್ ಮುಂದೆ ಹೆಂಗಸರು ಸಾಲು ನಿಂತರು. ಆ ಸಾಲಿನಲ್ಲಿ ನಿಂತವರ ಧೈರ್ಯ ದೊಡ್ಡದು. ಆದರೆ ಹತ್ತು ವರ್ಷ ಕಳೆಯುವ ಮೊದಲೇ ಲೆಕ್ಕ ತಿರುಗಿತು. ಈಗ ಉದ್ದ ಕೂದಲು ಇಟ್ಟುಕೊಂಡವಳೇ ಹಳೆಯ ಕಾಲದವಳು. ಸದರ್‌ಲ್ಯಾಂಡ್ ಅಕ್ಕತಂಗಿಯರ ವ್ಯಾಪಾರ ಬಿದ್ದುಹೋಯಿತು. ಗಿಡ್ಡ ಕೂದಲನ್ನು ಒತ್ತಿ ಹಿಡಿಯುವ ಬಾಬಿ ಪಿನ್‌ಗೆ ಆ ಹೆಸರು ಬಂದದ್ದು ಬಾಬ್ ಕಟ್‌ನಿಂದಲೇ.

1960ರ ದಶಕದಲ್ಲಿ ಇದೇ ಇನ್ನೊಮ್ಮೆ ಆಯಿತು. ಆಗ ವಾರಕ್ಕೊಮ್ಮೆ ಪಾರ್ಲರ್‌ಗೆ ಹೋಗಿ ಸುರುಳಿ ಸುತ್ತಿಸಿ, ದೊಡ್ಡ ಡ್ರೈಯರ್ ಕೆಳಗೆ ಕೂತು, ಸ್ಪ್ರೇ ಹೊಡೆಸಿ ಬರಬೇಕಿತ್ತು. ಲಂಡನ್‌ನ ವಿಡಾಲ್ ಸಸೂನ್ ಬಂದು ಕೂದಲನ್ನು ಅದು ಸಹಜವಾಗಿ ಬೀಳುವ ರೀತಿಗೆ ತಕ್ಕಂತೆ ಕತ್ತರಿಸಿದ. ತೊಳೆದು ಒದರಿದರೆ ತಾನೇ ಜಾಗಕ್ಕೆ ಬಂದು ಕೂರುವಂಥ ಕಟ್ ಅದು. ಹೆಂಗಸರಿಗೆ ವಾರವಾರವೂ ಎಷ್ಟು ಗಂಟೆ ಉಳಿಯಿತೋ! ನಿಜವಾದ ಬಿಡುಗಡೆ ಅದು, ಅದನ್ನು ಕಡಿಮೆ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಆದರೆ ಆ ಕೋನ ಕೋನದ ಕಟ್ ದಪ್ಪ ನೇರ ಕೂದಲಿಗೆ ಹೇಳಿ ಮಾಡಿಸಿದಂತಿತ್ತು. ಉಳಿದ ಕೂದಲಿನವರು ಮತ್ತೆ ತಮ್ಮ ಕೂದಲನ್ನು ಅದಕ್ಕೆ ಹೊಂದಿಸಲು ಒದ್ದಾಡಿದರು. ಬಿಡುಗಡೆಯೇ ಒಂದೆರಡು ವರ್ಷದಲ್ಲಿ ಯೂನಿಫಾರ್ಮ್ ಆಗುವುದು ಹೀಗೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಸಿಮ್ಮೆಲ್ 1904ರಲ್ಲೇ ಇದರ ಗುಟ್ಟನ್ನು ಬರೆದಿದ್ದ. ಫ್ಯಾಷನ್ ಎರಡು ಆಸೆಗಳನ್ನು ಒಟ್ಟಿಗೆ ತಣಿಸುತ್ತದೆ: ಗುಂಪಿಗೆ ಸೇರಬೇಕು, ಆದರೂ ಬೇರೆಯಾಗಿ ಕಾಣಬೇಕು. ಹೊಸ ಕಟ್ ಮಾಡಿಸಿದವಳು ತನ್ನ ಮೆಚ್ಚಿನ ಗುಂಪಿನ ಹಾಗೂ ಕಾಣುತ್ತಾಳೆ, ಉಳಿದವರಿಗಿಂತ ಬೇರೆಯಾಗಿಯೂ ಕಾಣುತ್ತಾಳೆ. ಎಲ್ಲರೂ ಅದನ್ನೇ ಮಾಡಿಸಿಕೊಂಡ ದಿನ ಎರಡನೆಯದು ಸತ್ತುಹೋಗುತ್ತದೆ, ಹೊಸದು ಬೇಕಾಗುತ್ತದೆ.

ಬೇರೆಯಾಗಬೇಕು ಎಂದು ಹೊರಟವರೂ ಒಂದೇ ಥರ ಆಗುತ್ತಾರಲ್ಲ, ಅದು ಯಾಕೆ? 2014ರಲ್ಲಿ ಜೊನಾಥನ್ ಟೂಬುಲ್ ಎಂಬ ಗಣಿತಜ್ಞ ಇದನ್ನು ಸಮೀಕರಣದಲ್ಲಿ ತೋರಿಸಿದರು. ಬಹುಮತಕ್ಕೆ ಉಲ್ಟಾ ಹೋಗಬೇಕು ಎನ್ನುವ ಜನ ಒಂದಷ್ಟು ಇದ್ದಾರೆ ಎಂದಿಟ್ಟುಕೊಳ್ಳಿ. ಬಹುಮತ ಏನು ಮಾಡುತ್ತಿದೆ ಎಂಬ ಸುದ್ದಿ ಅವರಿಗೆ ಸ್ವಲ್ಪ ತಡವಾಗಿ ತಲುಪುತ್ತದೆ. ಆಗ ಎಲ್ಲರೂ ಒಂದೇ ಹಳೆಯ ಸುದ್ದಿ ನೋಡಿ, ಒಂದೇ ಉಲ್ಟಾ ದಾರಿ ಹಿಡಿದು, ಕೊನೆಗೆ ತಾವೇ ಒಂದೇ ಥರದವರಾಗಿಬಿಡುತ್ತಾರೆ. 2019ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಈ ಸಂಶೋಧನೆಯ ಬಗ್ಗೆ ಬರೆದು, ಗಡ್ಡ, ಉಣ್ಣೆ ಟೋಪಿ, ಚೌಕುಳಿ ಅಂಗಿಯ ಒಬ್ಬ ಯುವಕನ ಫೋಟೊ ಹಾಕಿತು. ನನ್ನ ಫೋಟೊವನ್ನು ನನ್ನ ಒಪ್ಪಿಗೆ ಇಲ್ಲದೆ ಹಾಕಿದ್ದೀರಿ ಎಂದು ಒಬ್ಬ ಓದುಗ ಸಿಟ್ಟಿನಿಂದ ಬರೆದ. ವಿಚಾರಿಸಿದರೆ ಅದು ಬೇರೆಯೇ ವ್ಯಕ್ತಿಯ ಫೋಟೊ!

ಕೂದಲಿಗೆ ಈ ಲೆಕ್ಕ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ಟೂಬುಲ್ ಹೇಳಿದ ತಡ ಸುದ್ದಿಯದ್ದು. ಕೂದಲಿನಲ್ಲಿ ಬೆಳೆಯುವ ತಡವೂ ಸೇರಿಕೊಳ್ಳುತ್ತದೆ. ಇವತ್ತು ನನ್ನ ಸುತ್ತ ಕಾಣುವ ಉದ್ದ ಕೂದಲು ಎರಡು ವರ್ಷದ ಹಿಂದೆ ಯಾರೋ ಮಾಡಿದ ತೀರ್ಮಾನ. ಅದನ್ನು ನೋಡಿ ನಾನು ಬೆಳೆಸಲು ಶುರು ಮಾಡಿದರೆ ತಲುಪುವುದು ಇನ್ನೆರಡು ವರ್ಷಕ್ಕೆ. ನನ್ನ ಜೊತೆ ಅದೇ ತಿಂಗಳು ಶುರು ಮಾಡಿದವರು ಎಷ್ಟು ಜನರೋ.

ಇನ್ನು ಮನಸ್ಸಿನ ಒಳಗೆ ಏನಾಗುತ್ತದೆ ಎಂಬುದಕ್ಕೆ ಬರೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗವೂ ಉದ್ದದ್ದೇ, ಆದರೆ ಗೆರೆಗಳ ಉದ್ದ. ಒಂದು ಗೆರೆ ತೋರಿಸುತ್ತಾರೆ, ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದು ಹೇಳಿ ಎನ್ನುತ್ತಾರೆ. ಮಕ್ಕಳಿಗೂ ಗೊತ್ತಾಗುವಷ್ಟು ಸುಲಭ. ಆದರೆ ಕೋಣೆಯಲ್ಲಿರುವ ಉಳಿದವರೆಲ್ಲ ಮೊದಲೇ ಹೇಳಿಕೊಟ್ಟು ಕೂರಿಸಿದವರು, ಒಬ್ಬರ ಹಿಂದೆ ಒಬ್ಬರು ತಪ್ಪು ಉತ್ತರ ಕೊಡುತ್ತಾರೆ. ಆಗ ಸುಮಾರು ಮೂರನೇ ಒಂದು ಭಾಗ ಉತ್ತರಗಳು ಗುಂಪಿನ ತಪ್ಪಿಗೇ ತಲೆಯಾಡಿಸಿದವು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಜಾರಿದರು. ಉತ್ತರವನ್ನು ಗುಟ್ಟಾಗಿ ಬರೆಯಲು ಬಿಟ್ಟಾಗ ಆ ಜಾರುವಿಕೆ ಬಹಳ ಕಡಿಮೆಯಾಯಿತು. ಅಂದರೆ ಕಣ್ಣು ಸರಿಯಾಗಿಯೇ ಕಾಣುತ್ತಿತ್ತು, ಎಲ್ಲರ ಮುಂದೆ ಬೇರೆಯಾಗುವುದು ಕಷ್ಟವಾಗಿತ್ತು. ಒಂದು ಮಾತು ಮರೆಯಬೇಡಿ, ಅಲ್ಲಿ ಪರೀಕ್ಷೆಗೆ ಕೂತವರೆಲ್ಲ ಗಂಡಸರು, ಕಾಲೇಜು ಹುಡುಗರು. ಗುಂಪಿಗೆ ಹೊಂದಿಕೊಳ್ಳುವುದು ಹೆಂಗಸರ ದೌರ್ಬಲ್ಯ ಎನ್ನುವವರಿಗೆ ಇಷ್ಟು ಸಾಕು ಅಲ್ವಾ?

ಕೂದಲನ್ನು ಗುಟ್ಟಾಗಿ ಇಟ್ಟುಕೊಳ್ಳಲು ಬರುವುದಿಲ್ಲ. ಅದು ಯಾವಾಗಲೂ ಎಲ್ಲರ ಮುಂದೆ ಕೊಟ್ಟ ಉತ್ತರ.

ಇದಕ್ಕೆ ಜೊತೆಯಾಗಿ ಇನ್ನೊಂದು ಇದೆ. ಒಬ್ಬೊಬ್ಬರಿಗೂ ಒಳಗೊಳಗೇ ಬೇಸರ ಇರುತ್ತದೆ, ಆದರೆ ಉಳಿದವರಿಗೆಲ್ಲ ಇದೇ ಇಷ್ಟ ಎಂದು ಒಬ್ಬೊಬ್ಬರೂ ನಂಬಿರುತ್ತಾರೆ. ಯಾರೂ ಬಾಯಿ ಬಿಡದ ಕಾರಣ ಯಾರಿಗೂ ಬೇಡದ್ದು ಹಾಗೇ ಮುಂದುವರಿಯುತ್ತದೆ. ಮನಶ್ಶಾಸ್ತ್ರಜ್ಞರಾದ ಫ್ಲಾಯ್ಡ್ ಆಲ್‌ಪೋರ್ಟ್ ಮತ್ತು ಡೇನಿಯಲ್ ಕಾಟ್ಜ್ 1931ರಲ್ಲೇ ಇದಕ್ಕೆ "ಪ್ಲೂರಲಿಸ್ಟಿಕ್ ಇಗ್ನೊರೆನ್ಸ್" ಎಂಬ ಹೆಸರು ಕೊಟ್ಟರು. ಆ ಫೋಟೊ ನೋಡಿದ ಮೇಲೆ ನಾನು ಗೆಳತಿಯರನ್ನು ಒಬ್ಬೊಬ್ಬರಾಗಿ ಕೇಳಿದೆ. ನಾಲ್ವರು "ಇನ್ನೂ ಗಿಡ್ಡ ಮಾಡಿಸಬೇಕು ಅಂತ ಎಷ್ಟು ದಿನದಿಂದ ಅನ್ನಿಸ್ತಿದೆ, ಆದ್ರೆ ನಿಮಗೆಲ್ಲ ಏನನ್ಸುತ್ತೋ" ಎಂದರು. ಆ "ನಿಮಗೆಲ್ಲ" ಎನ್ನುವುದರಲ್ಲಿ ಉಳಿದ ಮೂವರೂ ಇದ್ದರು.

ಹಾಗಾದರೆ ಇಷ್ಟ ಎನ್ನುವುದು ಬರೀ ಸುಳ್ಳೇ? ಅಲ್ಲ. ಮತ್ತೆ ಮತ್ತೆ ಕಂಡದ್ದು ಹಿಡಿಸತೊಡಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯೊಂಟ್ಸ್ 1968ರಲ್ಲಿ ತೋರಿಸಿದರು, ಅರ್ಥವೇ ಇಲ್ಲದ ಅಕ್ಷರಗಳನ್ನು ಹೆಚ್ಚು ಸಲ ತೋರಿಸಿದಷ್ಟೂ ಜನ ಅವನ್ನು ಹೆಚ್ಚು ಮೆಚ್ಚಿದರು. ಈಗ ಫೋನ್ ದಿನಕ್ಕೆ ನೂರು ಸಲ ನಮಗೆ ಒಂದೇ ಥರದ ಕೂದಲನ್ನು ತೋರಿಸುತ್ತದೆ. ಯಾವ ವಿಡಿಯೊ ಮೇಲೆ ಜನ ಹೆಚ್ಚು ಹೊತ್ತು ನಿಂತರೋ ಅಂಥದ್ದನ್ನೇ ಇನ್ನಷ್ಟು ಜನರಿಗೆ ತೋರಿಸುವುದು ಅದರ ಕೆಲಸ. ಹೀಗೆ ಹುಟ್ಟಿದ ಇಷ್ಟವೂ ನಿಜವಾದ ಇಷ್ಟವೇ. ಅದು ಎಲ್ಲಿಂದ ಬಂತು ಎಂದು ತಿಳಿದುಕೊಂಡರೆ ತಪ್ಪೇನಿಲ್ಲ.

ಪಾರ್ಲರ್ ಕುರ್ಚಿಯ ಮೇಲೂ ಒಂದು ಎಳೆತ ಇದೆ. ಕತ್ತರಿಸುವವರಿಗೆ ಕೈ ಪಳಗಿರುವುದು ನಾಲ್ಕೈದು ಕಟ್‌ಗಳಿಗೆ. ಬಂದವರೆಲ್ಲ ಅದೇ ಫೋಟೊ ತೋರಿಸುತ್ತಾರೆ, ಹಾಗಾಗಿ ಕೈ ಅದಕ್ಕೇ ಇನ್ನಷ್ಟು ಪಳಗುತ್ತದೆ. ಬೇರೆ ಏನಾದರೂ ಕೇಳಿದರೆ "ನಿಮ್ಮ ಮುಖಕ್ಕೆ ಅದು ಸೆಟ್ ಆಗಲ್ಲ ಮೇಡಂ" ಎಂಬ ಉತ್ತರ ಬರುತ್ತದೆ. ಎಷ್ಟೋ ಸಲ ಅದು ಮುಖದ ಮಾತಲ್ಲ, ಕೈಯ ಮಾತು. ನಾನೊಮ್ಮೆ ಕಿವಿಯವರೆಗೆ ಕತ್ತರಿಸಿ ಎಂದು ಮೂರು ಸಲ ಹೇಳಿದರೂ ಭುಜಕ್ಕೆ ನಿಲ್ಲಿಸಿ, "ಆಮೇಲೆ ಬೇಜಾರಾಗ್ತೀರಾ" ಎಂದು ಕಳುಹಿಸಿದ್ದರು.

ಹೊಂದಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ಧೈರ್ಯ ಇದ್ದರೆ ಸಾಕು ಎನ್ನುವುದು ಸುಲಭ. ಟೋಕಿಯೊ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ದಕ್ಷಿಣ ಕೊರಿಯಾದ ಬಿಲ್ಲುಗಾರ್ತಿ ಆನ್ ಸಾನ್ ಒಂದೇ ಕೂಟದಲ್ಲಿ ಮೂರು ಚಿನ್ನ ಗೆದ್ದಳು. ಆಗ ಅವಳ ದೇಶದಲ್ಲೇ ಒಂದಷ್ಟು ಗಂಡಸರು ಅವಳ ಗಿಡ್ಡ ಕೂದಲನ್ನು ಹಿಡಿದು ಆನ್‌ಲೈನ್‌ನಲ್ಲಿ ಬಾಯಿಗೆ ಬಂದಂತೆ ಬೈದರು. ಜಗತ್ತಿನಲ್ಲೇ ಮೊದಲಿಗಳಾದರೂ ಕೂದಲಿನ ಉದ್ದಕ್ಕೆ ಉತ್ತರ ಕೊಡಬೇಕಾಯಿತು ಅಂದರೆ ಉಳಿದವರ ಪಾಡೇನು? ಸಾವಿರಾರು ಹೆಂಗಸರು ತಮ್ಮ ಗಿಡ್ಡ ಕೂದಲಿನ ಫೋಟೊ ಹಾಕಿ ಅವಳ ಪಕ್ಕ ನಿಂತರು. ಅದಕ್ಕೂ ಮೊದಲು, 2018ರ ಹೊತ್ತಿಗೆ, ಅಲ್ಲಿ ಅಂದದ ಕಟ್ಟುಪಾಡು ಬೇಡ ಎಂದು ಮೇಕಪ್ ಪುಡಿ ಮಾಡಿ ಕೂದಲು ಕತ್ತರಿಸಿದ ಚಳವಳಿಯೂ ನಡೆದಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಪ್ಪು ಜನರ ಗುಂಗುರು ಕೂದಲು, ಸಣ್ಣ ಸಣ್ಣ ಜಡೆಗಳ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ತಾರತಮ್ಯ ಮಾಡಬಾರದು ಎಂದು 2019ರಲ್ಲಿ ಕಾನೂನನ್ನೇ ತರಬೇಕಾಯಿತು. ಹುಟ್ಟಿದ ಹಾಗೆ ಕೂದಲು ಬಿಡಲು ಕಾನೂನು ಬೇಕು ಎಂದರೆ ಆ ಎಳೆತದ ಬಲ ಗೊತ್ತಾಗುತ್ತದೆ.

ವಯಸ್ಸಿನದ್ದೂ ಇದೆ. ಹುಡುಗಿ ಇದ್ದಾಗ ಗಿಡ್ಡ ಮಾಡಿದರೆ ಗಂಡುಬೀರಿ, ಐವತ್ತು ದಾಟಿದ ಮೇಲೆ ಉದ್ದ ಬಿಟ್ಟರೆ ಈ ವಯಸ್ಸಲ್ಲಿ ಇದೆಲ್ಲ ಬೇಕಾ. ಒಂದೇ ಹೆಂಗಸಿಗೆ ಎರಡು ಉಲ್ಟಾ ನಿಯಮ.

ಆಶ್ ಪ್ರಯೋಗದ ಒಂದು ಭಾಗವನ್ನು ಇಲ್ಲಿಯವರೆಗೆ ಬಿಟ್ಟಿದ್ದೆ. ಕೋಣೆಯಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಕೊಡುವವನು ಇದ್ದಾಗ ಏನಾಗುತ್ತದೆ ಎಂದೂ ಅವರು ನೋಡಿದ್ದರು. ಗುಂಪಿನ ತಪ್ಪಿಗೆ ತಲೆಯಾಡಿಸುವುದು ಮೊದಲಿದ್ದದ್ದರ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಉಳಿದವರೆಲ್ಲ ಹಾಗೇ ತಪ್ಪು ಹೇಳುತ್ತಿದ್ದರೂ ಪಕ್ಕದಲ್ಲಿ ಒಬ್ಬ ಇದ್ದದ್ದೇ ಸಾಕಾಯಿತು.

ನಮ್ಮ ಫೋಟೊದಲ್ಲಿ ಗುರುತು ಸಿಕ್ಕ ಇಬ್ಬರಲ್ಲಿ ಒಬ್ಬಳು ಸೊಂಟಕ್ಕಿಂತ ಕೆಳಗೆ ಇಳಿಯುವ ಜಡೆಯನ್ನು ಇಪ್ಪತ್ತು ವರ್ಷದಿಂದ ಹಾಗೇ ಇಟ್ಟುಕೊಂಡವಳು. ಇನ್ನೊಬ್ಬಳಿಗೆ ಜೋರು ಜ್ವರ ಬಂದು ಹೋದ ಮೇಲೆ ಕೂದಲು ಉದುರತೊಡಗಿತ್ತು, ಬೇಸತ್ತು ಎರಡು ಇಂಚು ಬಿಟ್ಟು ಉಳಿದದ್ದನ್ನು ತೆಗೆಸಿದ್ದಳು. ಆಮೇಲೆ ಕೂದಲು ಮತ್ತೆ ದಟ್ಟವಾಗಿ ಬಂತು. ಅವಳು ಬೆಳೆಸಲಿಲ್ಲ, ತಲೆ ಹಗುರವಾಗಿದೆ, ಹೀಗೇ ಇರಲಿ ಎಂದಳು. ಹೋದ ತಿಂಗಳು ನಾನು ಅವಳನ್ನೇ ಜೊತೆಗೆ ಕರೆದುಕೊಂಡು ಪಾರ್ಲರ್‌ಗೆ ಹೋದೆ. ಕಿವಿಯವರೆಗೆ ಎಂದೆ. ಕತ್ತರಿ ಹಿಡಿದವರು ಕನ್ನಡಿಯಲ್ಲಿ ನನ್ನ ಹಿಂದೆ ನಿಂತಿದ್ದ ಅವಳನ್ನು ಒಮ್ಮೆ ನೋಡಿದರು, ಮತ್ತೆ ನನ್ನನ್ನು ನೋಡಿದರು, ಮೊದಲ ಸಲಕ್ಕೇ ಕಿವಿಯ ಹತ್ತಿರ ಕತ್ತರಿ ಇಟ್ಟರು.